ಇಂಗ್ಲೆಂಡಿನ ಹಳ್ಳಿ ಚರ್ಚನ್ನು ನೋಡುವುದು ಹೇಗೆ? ಹೊರಗೋಡೆಯಿಂದ ಶುರು ಮಾಡಿ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋದ ನಮ್ಮವರು ಲಂಡನ್ನಿನ ದೊಡ್ಡ ಕಟ್ಟಡಗಳನ್ನೆಲ್ಲ ನೋಡಿ ಬರುತ್ತಾರೆ. ದಾರಿಯಲ್ಲಿ ಸಿಕ್ಕ ಹಳ್ಳಿ ಚರ್ಚಿಗೂ ಹೋಗುತ್ತಾರೆ. ಒಳಗೆ ಎರಡು ನಿಮಿಷ ನಿಂತು, ಒಂದು ಫೋಟೋ ತೆಗೆದು, ‘ಚೆನ್ನಾಗಿದೆ, ತುಂಬಾ ಹಳೇದು’ ಅಂದು ಹೊರಟುಬಿಡುತ್ತಾರೆ. ಅಲ್ಲಿ ನೋಡಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಇದೆ.

ಇಂಗ್ಲೆಂಡಿನ ಅಧಿಕೃತ ಕ್ರೈಸ್ತ ಸಭೆಯಾದ ಚರ್ಚ್ ಆಫ್ ಇಂಗ್ಲೆಂಡಿಗೆ ಸುಮಾರು 16,000 ಚರ್ಚುಗಳಿವೆ. ಅವುಗಳಲ್ಲಿ ಸಾವಿರಾರು ಮಧ್ಯಯುಗದವು. ಇಂಥ ಚರ್ಚನ್ನು ಯಾರೂ ಒಂದೇ ಸಲಕ್ಕೆ ಕಟ್ಟಿ ಮುಗಿಸಿಲ್ಲ. ಊರಿನ ಕೈಯಲ್ಲಿ ದುಡ್ಡಿದ್ದಾಗ ಒಂದು ಗೋಪುರ ಎದ್ದಿದೆ, ಜನ ಹೆಚ್ಚಾದಾಗ ಬದಿಗೆ ಕಂಬಗಳ ಆಚೆ ಒಂದು ಪಕ್ಕಸಾಲು ಸೇರಿದೆ, ರಾಜಾಜ್ಞೆ ಬಂದಾಗ ಚಿತ್ರಗಳ ಮೇಲೆ ಸುಣ್ಣ ಬಿದ್ದಿದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಅಂದ ನೋಡುವ ಮೊದಲು ಜೋಡಣೆ ಹುಡುಕಿ. ಹಳೆ ಗೋಡೆಗೆ ಹೊಸ ಗೋಡೆ ಎಲ್ಲಿ ಸೇರಿದೆ, ಯಾವ ಬಾಗಿಲು ಮುಚ್ಚಿದೆ, ಯಾವ ಕಿಟಕಿ ದೊಡ್ಡದಾಗಿದೆ ಅನ್ನುವುದು ಕಂಡರೆ ಊರಿನ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ.

ಈ ಲೇಖನದಲ್ಲಿ ಮುಖ್ಯವಾಗಿ ಮೂರು ಚರ್ಚುಗಳನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಒಂದು, ವೇಲ್ಸ್ ಗಡಿಯ ಹತ್ತಿರ ಹೆರೆಫರ್ಡ್‌ಶೈರಿನ ಕಿಲ್ಪೆಕ್. ಇನ್ನೆರಡು ಪೂರ್ವ ಕರಾವಳಿಯ ಸಫೊಕ್‌ನಲ್ಲಿ ಒಂದಕ್ಕೊಂದು ಹತ್ತಿರವೇ ಇರುವ ಬ್ಲೈತ್‌ಬರೊ ಮತ್ತು ವೆನ್‌ಹ್ಯಾಸ್ಟನ್. ನೀವು ಇರುವ ಊರಿನ ಪಕ್ಕದ ಚರ್ಚಿಗೂ ಇದೇ ಕ್ರಮ ನಡೆಯುತ್ತದೆ.

1. ಹೊರಡುವ ಮೊದಲು

ಚರ್ಚು ತೆರೆದಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಬಹಳಷ್ಟು ಹಳ್ಳಿ ಚರ್ಚುಗಳು ಹಗಲು ಹೊತ್ತು ತೆರೆದಿರುತ್ತವೆ. ಬೀಗ ಹಾಕಿದ್ದರೆ ಬಾಗಿಲ ಮುಂದಿನ ಚಾವಡಿಯಲ್ಲಿ, ಕೀಲಿ ಯಾರ ಹತ್ತಿರ ಇದೆ ಅಂತ ಬರೆದ ಚೀಟಿ ಇರುವುದುಂಟು. ಪೂಜೆ ನಿಂತುಹೋದ 350ಕ್ಕೂ ಹೆಚ್ಚು ಚರ್ಚುಗಳನ್ನು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ನೋಡಿಕೊಳ್ಳುತ್ತದೆ, ಅವಕ್ಕೆ ಪ್ರವೇಶ ಉಚಿತ. ಭಾನುವಾರ ಬೆಳಿಗ್ಗೆ ಆರಾಧನೆ ಇರುತ್ತದೆ. ಆ ಹೊತ್ತಿಗೆ ಕ್ಯಾಮೆರಾ ಹಿಡಿದು ಹೋಗಬೇಡಿ. ಆರಾಧನೆಗೇ ಕೂರುವುದಾದರೆ ಖಂಡಿತ ಹೋಗಿ, ಯಾರೂ ಬೇಡ ಅನ್ನುವುದಿಲ್ಲ.

ಒಂದು ಟಾರ್ಚು, ಸಾಧ್ಯವಾದರೆ ಸಣ್ಣ ದುರ್ಬೀನು ಇಟ್ಟುಕೊಳ್ಳಿ. ಚಾವಣಿಯ ಕೆತ್ತನೆ ಬರಿಗಣ್ಣಿಗೆ ಸಿಗುವುದಿಲ್ಲ. ಬೆಚ್ಚಗಿನ ಸ್ವೆಟರ್ ಮರೆಯಬೇಡಿ. ಜೂನ್ ತಿಂಗಳಲ್ಲೂ ಒಳಗೆ ತಣ್ಣಗೇ ಇರುತ್ತದೆ.

2. ದುಡ್ಡು ಯಾರದ್ದು ಅಂತ ತಿಳಿದುಕೊಳ್ಳಿ

ಇದು ಗೊತ್ತಿಲ್ಲದಿದ್ದರೆ ಕಟ್ಟಡ ಅರ್ಥವಾಗುವುದಿಲ್ಲ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ. ಆ ಸೀಮೆಯ ರೈತರು ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು. ಕಾಳು, ಉಣ್ಣೆ, ಕುರಿಮರಿ ಎಲ್ಲದರಲ್ಲೂ ಪಾಲು. ಆ ಪಾಲು ಪಡೆಯುವವನನ್ನು ರೆಕ್ಟರ್ ಅನ್ನುತ್ತಿದ್ದರು. ಕೆಲವು ಕಡೆ ಅವನು ಊರಿನ ಪಾದ್ರಿಯೇ. ಎಷ್ಟೋ ಕಡೆ ದೂರದ ಒಂದು ಮಠವೇ ರೆಕ್ಟರ್ ಆಗಿ ಆದಾಯ ಪಡೆಯುತ್ತಿತ್ತು.

ಕಟ್ಟಡದ ಖರ್ಚೂ ಹೀಗೇ ಹಂಚಿಹೋಗಿತ್ತು. ಪಾದ್ರಿ ಪೂಜೆ ಮಾಡುವ ಪೂರ್ವದ ಭಾಗ, ಅಂದರೆ ಚಾನ್ಸೆಲ್, ರೆಕ್ಟರನ ಹೊಣೆ. ಜನ ನಿಲ್ಲುವ ನೇವ್ ಊರಿನವರ ಹೊಣೆ. ಹಾಗಾಗಿ ನೇವ್ ಎತ್ತರವಾಗಿ, ಬೆಳಕಿನಿಂದ ತುಂಬಿ, ಪಕ್ಕದ ಚಾನ್ಸೆಲ್ ಮಾತ್ರ ತಗ್ಗಾಗಿ ಹಳೆಯದಾಗಿ ಉಳಿದಿದ್ದರೆ ಆಶ್ಚರ್ಯಪಡಬೇಡಿ. ಊರಿನವರಿಗೆ ತಮ್ಮ ಚರ್ಚಿನ ಮೇಲೆ ಅಭಿಮಾನ ಇತ್ತು. ದೂರದ ರೆಕ್ಟರನಿಗೆ ಖರ್ಚು ಮಾಡುವ ಮನಸ್ಸಿರಲಿಲ್ಲ. ಈ ಹಳೆಯ ಹೊಣೆ ಎಷ್ಟು ಗಟ್ಟಿ ಅಂದರೆ, 2003ರಲ್ಲಿ ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯ ಮೊಕದ್ದಮೆ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಹಿಂದೆ ಚರ್ಚಿಗೆ ಸೇರಿದ್ದ ಜಮೀನು ಈಗ ಯಾರ ಕೈಯಲ್ಲಿದೆಯೋ ಅವರೇ ಚಾನ್ಸೆಲ್ ರಿಪೇರಿ ಖರ್ಚು ಕೊಡಬೇಕು ಅಂತ ತೀರ್ಪಾಯಿತು.

3. ಹೊರಗಿನಿಂದ ಪೂರ್ತಿ ಒಂದು ಸುತ್ತು ಬನ್ನಿ

ಬಾಗಿಲು ತೆರೆದಿದ್ದರೂ ಒಳಗೆ ನುಗ್ಗಬೇಡಿ. ಸಮಾಧಾನವಾಗಿ ಸುತ್ತು ಹಾಕಿ.

ಮೊದಲು ದಿಕ್ಕು ಗುರುತಿಸಿ. ಬಲಿಪೀಠ ಪೂರ್ವಕ್ಕೆ, ಗಂಟೆ ಗೋಪುರ ಸಾಮಾನ್ಯವಾಗಿ ಪಶ್ಚಿಮಕ್ಕೆ, ಜನ ಓಡಾಡುವ ಬಾಗಿಲು ಹೆಚ್ಚಾಗಿ ದಕ್ಷಿಣಕ್ಕೆ. ನಮ್ಮ ದೇವಸ್ಥಾನದ ನವರಂಗ ಮತ್ತು ಗರ್ಭಗುಡಿಯನ್ನು ನೆನೆಸಿಕೊಂಡರೆ ನೇವ್ ಮತ್ತು ಚಾನ್ಸೆಲ್ ಸಂಬಂಧ ತಕ್ಷಣ ಹಿಡಿತಕ್ಕೆ ಸಿಗುತ್ತದೆ.

ಆಮೇಲೆ ಕಲ್ಲು ನೋಡಿ. ಹಿಂದಿನ ಕಾಲದಲ್ಲಿ ಕಲ್ಲನ್ನು ದೂರದಿಂದ ಗಾಡಿಯಲ್ಲಿ ತರುವುದು ದುಬಾರಿ. ಹತ್ತಿರ ಸಿಕ್ಕಿದ್ದರಲ್ಲೇ ಕಟ್ಟುತ್ತಿದ್ದರು. ಕಾಟ್ಸ್‌ವೋಲ್ಡ್ಸ್‌ನಲ್ಲಿ ಜೇನುಬಣ್ಣದ ಸುಣ್ಣಕಲ್ಲು, ಕಾರ್ನ್‌ವಾಲ್‌ನಲ್ಲಿ ಗ್ರಾನೈಟು, ಕಿಲ್ಪೆಕ್‌ನಲ್ಲಿ ಕೆಂಪು ಮರಳುಗಲ್ಲು. ನಾರ್ಫೊಕ್ ಮತ್ತು ಸಫೊಕ್‌ನಲ್ಲಿ ಒಳ್ಳೆಯ ಕಟ್ಟಡದ ಕಲ್ಲೇ ಇಲ್ಲ, ಹೊಲದಲ್ಲಿ ಸಿಗುವುದು ಚಕಮಕಿ ಕಲ್ಲು. ಅದರಲ್ಲಿ ಚೂಪಾದ ಮೂಲೆ ತೆಗೆಯುವುದು ಕಷ್ಟ. ಅಲ್ಲಿ ದುಂಡನೆಯ ಗಂಟೆ ಗೋಪುರಗಳು ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ಎಸೆಕ್ಸಿನ ಗ್ರೀನ್‌ಸ್ಟೆಡ್‌ನಲ್ಲಿ ಓಕ್ ಮರದ ದಿಮ್ಮಿಗಳನ್ನು ಸೀಳಿ ನಿಲ್ಲಿಸಿ ಕಟ್ಟಿದ ಗೋಡೆ ಸುಮಾರು ಒಂಬೈನೂರೈವತ್ತು ವರ್ಷದಿಂದ ಇನ್ನೂ ನಿಂತಿದೆ.

ಈಗ ಜೋಡಣೆ. ಗೋಪುರದ ಪೂರ್ವ ಮುಖದಲ್ಲಿ, ಈಗಿನ ಚಾವಣಿಗಿಂತ ಮೇಲೆ, ಮಗುಚಿಟ್ಟ ‘ವಿ’ ಆಕಾರದ ಗೆರೆ ಕಾಣುತ್ತಾ? ಅಲ್ಲಿ ಹಿಂದೆ ಕಡಿದಾದ ಚಾವಣಿ ಇತ್ತು, ಆಮೇಲೆ ಇಳಿಸಿದ್ದಾರೆ. ಗೋಡೆಯ ಮಧ್ಯೆ ಲಂಬವಾಗಿ ಮೂಲೆಗಲ್ಲಿನ ಸಾಲು ಬಂದರೆ ಕಟ್ಟಡ ಒಂದು ಕಾಲದಲ್ಲಿ ಅಲ್ಲೇ ಮುಗಿದಿತ್ತು. ಉತ್ತರ ಗೋಡೆಯಲ್ಲಿ ಮುಚ್ಚಿದ ಬಾಗಿಲು ತುಂಬಾ ಕಡೆ ಸಿಗುತ್ತದೆ. ದೆವ್ವ ಹೊರಗೆ ಹೋಗಲಿ ಅಂತ ಇಟ್ಟ ಬಾಗಿಲು ಅಂತ ಸ್ಥಳೀಯರು ಹೇಳಬಹುದು. ನನಗೆ ಆ ಕಥೆಯ ಮೇಲೆ ನಂಬಿಕೆ ಇಲ್ಲ. ಮಧ್ಯಯುಗದಲ್ಲಿ ಹಬ್ಬದ ಮೆರವಣಿಗೆಗಳು ಚರ್ಚನ್ನು ಸುತ್ತಿ ಬರುತ್ತಿದ್ದವು, ಅದಕ್ಕೆ ಎರಡು ಬಾಗಿಲು ಬೇಕಿತ್ತು. ಮೆರವಣಿಗೆ ನಿಂತ ಮೇಲೆ ಚಳಿಗಾಳಿ ಬರುವ ಬಾಗಿಲನ್ನು ಯಾರು ತೆರೆದಿಡುತ್ತಾರೆ ಹೇಳಿ!

ಸ್ಮಶಾನದ ನೆಲ ಚರ್ಚಿನ ನೆಲಕ್ಕಿಂತ ಎತ್ತರ ಇದ್ದರೆ ಅದಕ್ಕೂ ಕಾರಣವಿದೆ. ನೂರಾರು ವರ್ಷ ಅದೇ ಜಾಗದಲ್ಲಿ ಹೂಳಿ ಹೂಳಿ ಮಣ್ಣು ಏರಿದೆ. ಸಮಾಧಿ ಕಲ್ಲುಗಳು 17ನೇ ಶತಮಾನಕ್ಕಿಂತ ಹಿಂದಿನವು ಸಿಗುವುದು ಅಪರೂಪ, ಯಾಕೆಂದರೆ ಅದಕ್ಕೂ ಮೊದಲು ಸಾಮಾನ್ಯ ಜನರ ಸಮಾಧಿಗೆ ಕಲ್ಲೇ ನೆಡುತ್ತಿರಲಿಲ್ಲ.

4. ಕಿಟಕಿ ನೋಡಿ ಕಾಲ ಹೇಳಿ

ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಈಗಲೂ ಬಳಕೆಯಲ್ಲಿರುವ ಶೈಲಿಗಳ ಹೆಸರುಗಳನ್ನು ಥಾಮಸ್ ರಿಕ್‌ಮನ್ 1817ರಲ್ಲಿ ಕೊಟ್ಟ. ಹೆಸರು ಬಾಯಿಪಾಠ ಮಾಡುವುದಕ್ಕಿಂತ ಕಮಾನಿನ ಆಕಾರ ಗಮನಿಸಿ.

ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಸಣ್ಣ ಕಿಟಕಿ ಇದ್ದರೆ ನಾರ್ಮನ್. 1066ರಲ್ಲಿ ನಾರ್ಮನ್ನರು ಗೆದ್ದ ಮೇಲಿಂದ ಸುಮಾರು 1190ರವರೆಗಿನದು. ಉದ್ದವಾದ, ಕಿರಿದಾದ, ಮೇಲೆ ಚೂಪಾದ ಕಿಟಕಿ 13ನೇ ಶತಮಾನದ್ದು. ಕಿಟಕಿಯ ತಲೆಯಲ್ಲಿ ಕಲ್ಲಿನ ಗೆರೆಗಳು ಬಳ್ಳಿಯ ಹಾಗೆ ಬಾಗಿ ಬಳುಕಿದರೆ ಅದು ಹೆಚ್ಚಾಗಿ 14ನೇ ಶತಮಾನದ ಮೊದಲ ಅರ್ಧದ್ದು. ಕಲ್ಲಿನ ಕಂಬಿಗಳು ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ಹೋಗಿ, ಕಿಟಕಿ ಅಗಲವಾಗಿ, ಗೋಡೆಗಿಂತ ಗಾಜೇ ಜಾಸ್ತಿ ಅನ್ನಿಸಿದರೆ ಅದು ಪರ್ಪೆಂಡಿಕ್ಯುಲರ್. ಸುಮಾರು 1350ರಿಂದ 16ನೇ ಶತಮಾನದ ಮೊದಲ ಭಾಗದವರೆಗೆ ನಡೆದ ಶೈಲಿ.

1348–49ರ ಮಹಾ ಪ್ಲೇಗು ಇವುಗಳ ನಡುವೆ ಬರುತ್ತದೆ. ದೇಶದ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸತ್ತರು. ಮೇಸ್ತ್ರಿಗಳೂ ಸತ್ತರು, ಎಷ್ಟೋ ಕೆಲಸ ಅರ್ಧಕ್ಕೇ ನಿಂತಿತು. ಆಮೇಲೆ ಬದುಕುಳಿದವರ ಕೈಗೆ ಉಣ್ಣೆ ಮತ್ತು ಬಟ್ಟೆ ವ್ಯಾಪಾರದ ದುಡ್ಡು ಬಂತು. ಬ್ಲೈತ್‌ಬರೊದಂಥ ಊರಿನಲ್ಲಿ ಎರಡು ಸಾಲು ಕಿಟಕಿಗಳ ಅಷ್ಟು ದೊಡ್ಡ ಚರ್ಚು 15ನೇ ಶತಮಾನದಲ್ಲಿ ಎದ್ದದ್ದು ಆ ಕಾಲದ ಸಿರಿಯಿಂದ. ಇವತ್ತು ಅದು ಜೌಗು ನೆಲದ ಅಂಚಿನ ಪುಟ್ಟ ಹಳ್ಳಿ.

ಒಂದು ಎಚ್ಚರಿಕೆ. ಕಿಟಕಿಯ ಕಾಲ ಗೋಡೆಯ ಕಾಲ ಅಲ್ಲ. ಹಳೆ ಗೋಡೆ ಒಡೆದು ಹೊಸ ಕಿಟಕಿ ಕೂರಿಸುವುದು ಮಾಮೂಲಿಯಾಗಿತ್ತು. ಒಂದೇ ಗೋಡೆಯಲ್ಲಿ ಮೂರು ಕಾಲದ ಕಿಟಕಿ ಕಂಡರೆ ಗಲಿಬಿಲಿ ಆಗಬೇಡಿ. ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಮೇಲಿರುವುದು ಅಥವಾ ಮುಚ್ಚಿಹೋಗಿರುವುದು ಹೆಚ್ಚಾಗಿ ಹಳೆಯದು.

5. ಬಾಗಿಲಲ್ಲಿ ನಿಲ್ಲಿ (ಕಿಲ್ಪೆಕ್‌ಗೆ ಹೋದರೆ ತುಂಬಾ ಹೊತ್ತು ನಿಲ್ಲಿ)

ಬಾಗಿಲ ಚೌಕಟ್ಟಿನ ಹತ್ತಿರ, ದಕ್ಷಿಣ ಗೋಡೆಯ ಮೇಲೆ, ಒಂದು ಸಣ್ಣ ತೂತು ಮತ್ತು ಅದರಿಂದ ಕೆಳಗೆ ಹರಡಿದ ಗೀರುಗಳನ್ನು ಹುಡುಕಿ. ಅದು ಪೂಜೆಯ ಹೊತ್ತು ತಿಳಿಯಲು ಕೆತ್ತಿದ ಬಿಸಿಲು ಗಡಿಯಾರ. ತೂತಿನಲ್ಲಿ ಕಡ್ಡಿ ಸಿಕ್ಕಿಸಿದರೆ ನೆರಳು ಹೊತ್ತು ತೋರಿಸುತ್ತಿತ್ತು. ಯಾರ್ಕ್‌ಶೈರಿನ ಕರ್ಕ್‌ಡೇಲ್‌ನಲ್ಲಿ ಇಂಥದ್ದೇ ಒಂದು ದೊಡ್ಡ ಕಲ್ಲಿನ ಗಡಿಯಾರದ ಮೇಲೆ ಬರಹವೂ ಇದೆ. ಗಮಲ್‌ನ ಮಗ ಓರ್ಮ್, ಕುಸಿದು ಬಿದ್ದಿದ್ದ ಚರ್ಚನ್ನು ಕೊಂಡು ಮತ್ತೆ ಕಟ್ಟಿಸಿದ ಅಂತ. ಅದರಲ್ಲಿ ಎಡ್ವರ್ಡ್ ರಾಜನ ಹೆಸರೂ ಟೊಸ್ಟಿಗ್ ಎಂಬ ಅರ್ಲ್‌ನ (ಆ ಸೀಮೆಯ ಅಧಿಪತಿಯ) ಹೆಸರೂ ಇರುವುದರಿಂದ ಕಾಲ 1055 ಮತ್ತು 1065ರ ನಡುವಿನದು ಅಂತ ಹೇಳಬಹುದು. ನಮ್ಮ ಶಾಸನಗಳನ್ನು ಓದಿದವರಿಗೆ ಇಂಥ ಲೆಕ್ಕಾಚಾರ ಹೊಸದೇನಲ್ಲ.

ಇನ್ನು ಕಿಲ್ಪೆಕ್. ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್ ಚರ್ಚು. ಸುಮಾರು 1140ರಲ್ಲಿ ಕಟ್ಟಿದ್ದು. ನೇವ್, ಚಾನ್ಸೆಲ್, ಅದರ ಹಿಂದೆ ಅರ್ಧವೃತ್ತದ ಕೊನೆ, ಇಷ್ಟೇ. ಗೋಪುರ ಇಲ್ಲ, ಪಕ್ಕಸಾಲು ಇಲ್ಲ. ಪಕ್ಕದಲ್ಲೇ ಹಾಳುಬಿದ್ದ ಕೋಟೆಯ ದಿಬ್ಬ. ಮೊದಲ ಸಲ ಹಳ್ಳಿ ಚರ್ಚು ನೋಡುವವರು ಇಲ್ಲಿಂದಲೇ ಶುರು ಮಾಡಲಿ ಅನ್ನುವುದು ನನ್ನ ಆಸೆ. ನಂತರದ ತಲೆಮಾರುಗಳು ಇದರ ಮೇಲೆ ಹೆಚ್ಚು ಕೈಯಾಡಿಸಿಲ್ಲ, ಹಾಗಾಗಿ ನಾರ್ಮನ್ ಕಾಲದ ಹಳ್ಳಿ ಚರ್ಚು ಹೇಗಿತ್ತು ಅನ್ನುವುದು ಬೆರಕೆ ಇಲ್ಲದೆ ಸಿಗುತ್ತದೆ.

ದಕ್ಷಿಣದ ಬಾಗಿಲಿನ ಮುಂದೆ ನಿಂತು ಕೆಳಗಿನಿಂದ ಮೇಲೆ ನೋಡುತ್ತಾ ಹೋಗಿ. ಎರಡೂ ಬದಿಯ ಹೊರಗಂಬಗಳಲ್ಲಿ ಹಾವಿನಂಥ ಉದ್ದನೆಯ ಪ್ರಾಣಿಗಳು ಒಂದನ್ನೊಂದು ಸುತ್ತಿಕೊಂಡಿವೆ. ಎಡಗಡೆಯ ಒಳಗಂಬದಲ್ಲಿ ಬಳ್ಳಿಗಳ ನಡುವೆ ಇಬ್ಬರು ಯೋಧರು, ಮೈಗಂಟಿದ ಅಂಗಿ, ನೆರಿಗೆ ನೆರಿಗೆಯಾದ ಸಡಿಲ ಷರಾಯಿ. ಕಂಬಗಳ ಮೇಲಿನ ಅರ್ಧಚಂದ್ರದ ಹಲಗೆಯಲ್ಲಿ ಗೊಂಚಲು ಬಿಟ್ಟ ಬಳ್ಳಿಮರ. ಅದರ ಸುತ್ತ ಕಮಾನಿನ ಮೇಲೆ ಪ್ರಾಣಿಗಳ ತಲೆಗಳು, ಹಕ್ಕಿಗಳು, ಮೀನು. ಆ ಕೆಂಪು ಕಲ್ಲು ಎಷ್ಟು ಗಟ್ಟಿ ಅಂದರೆ ಉಳಿಯ ಏಟಿನ ಅಂಚು ಇನ್ನೂ ಚೂಪಾಗಿದೆ. ಬೇಲೂರು ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಈ ಶಿಲ್ಪಿಗಳ ಕೈಚಳಕ ಖಂಡಿತ ಮೆಚ್ಚುಗೆಯಾಗುತ್ತದೆ. ಇವರ ಹೆಸರು ಗೊತ್ತಿಲ್ಲ. ಇದೇ ಕೈ ಸುತ್ತಮುತ್ತಲಿನ ಬೇರೆ ಚರ್ಚುಗಳಲ್ಲೂ ಕಾಣುವುದರಿಂದ ಹೆರೆಫರ್ಡ್‌ಶೈರ್ ಶೈಲಿ ಅನ್ನುತ್ತಾರೆ.

ಆಮೇಲೆ ಸೂರಿನ ಕೆಳಗೆ ತಲೆಯೆತ್ತಿ ನೋಡುತ್ತಾ ಸುತ್ತು ಬನ್ನಿ. 80ಕ್ಕೂ ಹೆಚ್ಚು ಚಾಚುಗಲ್ಲುಗಳು, ಒಂದೊಂದರಲ್ಲೂ ಒಂದೊಂದು ಮುಖ. ನಾಯಿ ಮತ್ತು ಮೊಲ ಒತ್ತಿಕೊಂಡು ಕೂತಿರುವ ಕಲ್ಲನ್ನು ತಪ್ಪಿಸಬೇಡಿ. ಪಿಟೀಲಿನಂಥ ವಾದ್ಯ ನುಡಿಸುವವನಿದ್ದಾನೆ. ಶಿಲುಬೆ ಹೊತ್ತ ಕುರಿಮರಿ ಇದೆ. ತನ್ನ ಯೋನಿಯನ್ನು ಎರಡೂ ಕೈಯಿಂದ ತೆರೆದು ತೋರಿಸುವ ಹೆಣ್ಣಿನ ಮೂರ್ತಿಯೂ ಇದೆ. ಚರ್ಚಿನ ಗೋಡೆಯ ಮೇಲೆ ಇದೇಕೆ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಕೆಟ್ಟದ್ದನ್ನು ಓಡಿಸಲು ಅಂತ ಕೆಲವರು, ಕಾಮದ ವಿರುದ್ಧ ಎಚ್ಚರಿಕೆ ಅಂತ ಕೆಲವರು.

6. ಒಳಗೆ ಹೋಗಿ ಪಶ್ಚಿಮದಲ್ಲಿ ನಿಂತು ಪೂರ್ವಕ್ಕೆ ನಡೆಯಿರಿ

ಬಾಗಿಲಲ್ಲಿ ಜಾಲರಿ ಇದ್ದರೆ ಒಳಗೆ ಹೋದ ತಕ್ಷಣ ಮುಚ್ಚಿ. ಹಕ್ಕಿ ಒಳಗೆ ಸೇರಿದರೆ ಹೊರಗೆ ಬರಲು ದಾರಿ ಕಾಣದೆ ಸಾಯುತ್ತದೆ.

ಬಾಗಿಲ ಹತ್ತಿರವೇ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಇರುತ್ತದೆ. ಎಷ್ಟೋ ಊರುಗಳಲ್ಲಿ ಕಟ್ಟಡಕ್ಕಿಂತ ಹಳೆಯ ವಸ್ತು ಇದೇ. ಅಂಚಿನಲ್ಲಿ ಕಬ್ಬಿಣದ ಕೊಂಡಿ ಕಿತ್ತುಹೋದ ಗುರುತು ನೋಡಿ. ಪವಿತ್ರ ನೀರನ್ನು ಮಾಟಕ್ಕೆ ಕದ್ದೊಯ್ಯುತ್ತಾರೆ ಅನ್ನುವ ಭಯಕ್ಕೆ ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಹಾಕಬೇಕೆಂದು 13ನೇ ಶತಮಾನದಲ್ಲಿ ಆಜ್ಞೆಯಾಗಿತ್ತು.

ನೇವ್ ಮತ್ತು ಚಾನ್ಸೆಲ್ ಸೇರುವಲ್ಲಿ ನಿಲ್ಲಿ. ಪಕ್ಕದ ಗೋಡೆಯಲ್ಲಿ ಎಲ್ಲಿಗೂ ಹೋಗದ ಕಿರು ಮೆಟ್ಟಿಲು, ಎತ್ತರದಲ್ಲಿ ಒಂದು ಖಾಲಿ ಬಾಗಿಲು ಸಿಕ್ಕಿದರೆ ಅದೇ 16ನೇ ಶತಮಾನದ ಗಾಯದ ಗುರುತು. ಅಲ್ಲಿ ಮರದ ತಡಿಕೆ ಇತ್ತು, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಶಿಲುಬೆಗೇರಿದ ಯೇಸು, ಅಕ್ಕಪಕ್ಕ ಮರಿಯಮ್ಮ ಮತ್ತು ಯೋಹಾನ. 1534ರಲ್ಲಿ ಎಂಟನೇ ಹೆನ್ರಿ ಪೋಪನ ಅಧಿಕಾರ ಕಿತ್ತೊಗೆದ. ಅವನ ಮಗ ಆರನೇ ಎಡ್ವರ್ಡನ ಕಾಲದಲ್ಲಿ, 1547ರಿಂದ ಈಚೆಗೆ, ಮೂರ್ತಿಗಳನ್ನು ಇಳಿಸಿದರು, ಗೋಡೆಚಿತ್ರಗಳಿಗೆ ಸುಣ್ಣ ಬಳಿದರು. ಕ್ಯಾಥೊಲಿಕರು ಕಟ್ಟಿದ ಚರ್ಚುಗಳು ಹೀಗೆ ಆಂಗ್ಲಿಕನ್ ಚರ್ಚುಗಳಾದವು, ಅಂದರೆ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದವು.

ಈ ಬದಲಾವಣೆಯನ್ನು ಕಣ್ಣಾರೆ ನೋಡಬೇಕೆಂದರೆ ವೆನ್‌ಹ್ಯಾಸ್ಟನ್‌ಗೆ ಹೋಗಿ. ಅಲ್ಲಿ ಮರದ ಹಲಗೆಗಳ ಮೇಲೆ ಸುಮಾರು 1500ರಲ್ಲಿ ಬರೆದ ಕೊನೆಯ ತೀರ್ಪಿನ, ಅಂದರೆ ಲೋಕದ ಕೊನೆಯಲ್ಲಿ ದೇವರು ಎಲ್ಲರ ಪಾಪಪುಣ್ಯ ವಿಚಾರಿಸುವ, ಚಿತ್ರ ಇದೆ. ಈ ಧಾರ್ಮಿಕ ಸುಧಾರಣೆಯ ಕಾಲದಲ್ಲಿ ಅದಕ್ಕೆ ಸುಣ್ಣ ಬಳಿದರು. ಊರು ಅದನ್ನು ಮರೆತೇಬಿಟ್ಟಿತು. 1892ರಲ್ಲಿ ಚರ್ಚು ರಿಪೇರಿ ಮಾಡುವಾಗ ಹಳೇ ಹಲಗೆಗಳು ಅಂತ ಕಿತ್ತು ಸ್ಮಶಾನದಲ್ಲಿ ಹಾಕಿದರು. ರಾತ್ರಿ ಮಳೆ ಬಂತು. ಸುಣ್ಣ ಕರಗಿ ಬಣ್ಣದ ಮುಖಗಳು ಹೊರಬಂದವು. ಮಿಕಾಯೇಲ ದೂತ ಆತ್ಮಗಳನ್ನು ತಕ್ಕಡಿಯಲ್ಲಿ ತೂಗುತ್ತಿದ್ದಾನೆ. ಸ್ವರ್ಗದ ಬಾಗಿಲು ಕಾಯುವ ಪೇತ್ರನ ಮುಂದೆ ನಿಂತವರ ಮೈಮೇಲೆ ಬಟ್ಟೆಯಿಲ್ಲ, ತಲೆಯ ಮೇಲಿನ ಕಿರೀಟ ಮತ್ತು ಟೊಪ್ಪಿಗೆಯಿಂದಷ್ಟೇ ರಾಜ ಯಾರು, ಬಿಷಪ್ ಯಾರು ಅಂತ ಗೊತ್ತಾಗುತ್ತದೆ. ಚಿತ್ರದ ನಡುವೆ ಬಣ್ಣವೇ ಇಲ್ಲದ ಶಿಲುಬೆಯ ಆಕಾರ ಮತ್ತು ಎರಡು ಮನುಷ್ಯಾಕಾರಗಳಿವೆ. ಮರದ ಮೂರ್ತಿಗಳು ಆ ಜಾಗದಲ್ಲಿ ಹಲಗೆಗೆ ತಾಗಿ ನಿಂತಿದ್ದವು, ಅವುಗಳ ಹಿಂದೆ ಬಣ್ಣ ಬಳಿಯುವ ಅಗತ್ಯ ಇರಲಿಲ್ಲ. ಮೂರ್ತಿ ಹೋಯಿತು, ಖಾಲಿ ಜಾಗ ಉಳಿಯಿತು.

ಚಾನ್ಸೆಲ್ ಒಳಗೆ ಹೋದರೆ ದಕ್ಷಿಣ ಗೋಡೆಯಲ್ಲಿ ಪೂಜಾಪಾತ್ರೆ ತೊಳೆದ ನೀರು ಹರಿಯುವ ಸಣ್ಣ ಕಲ್ಲುಬಟ್ಟಲು, ಪಾದ್ರಿಗಳು ಕೂರುವ ಗೂಡುಗಳು ಕಾಣುತ್ತವೆ. ಇಂಥದ್ದೇ ಬಟ್ಟಲು ಪಕ್ಕಸಾಲಿನ ಗೋಡೆಯಲ್ಲೂ ಸಿಕ್ಕಿದರೆ ಅಲ್ಲೂ ಹಿಂದೆ ಒಂದು ಬಲಿಪೀಠ ಇತ್ತು ಅಂತ ತಿಳಿಯಿರಿ.

7. ತಲೆಯೆತ್ತಿ ನೋಡಿ, ಸ್ಥಳಪುರಾಣವನ್ನು ಪರೀಕ್ಷಿಸಿ

ಬ್ಲೈತ್‌ಬರೊದ ಚಾವಣಿಯಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರಿದ್ದಾರೆ. ದುರ್ಬೀನು ಕೆಲಸಕ್ಕೆ ಬರುವುದು ಇಲ್ಲೇ. 1644ರಲ್ಲಿ ವಿಲಿಯಂ ಡೌಸಿಂಗ್ ಎಂಬ ಪ್ಯೂರಿಟನ್ (ಮೂರ್ತಿ, ಚಿತ್ರ ಬೇಡವೆನ್ನುವ ಕಟ್ಟಾ ಪ್ರೊಟೆಸ್ಟೆಂಟ್) ಅಧಿಕಾರಿ ಸಫೊಕ್‌ನ ಚರ್ಚುಗಳಲ್ಲಿ ಚಿತ್ರ ಮತ್ತು ಮೂರ್ತಿಗಳನ್ನು ಒಡೆಸುತ್ತಾ ಇಲ್ಲಿಗೂ ಬಂದ. ಅವನ ಜನ ಈ ದೇವದೂತರಿಗೆ ಗುಂಡು ಹೊಡೆದರು ಅಂತ ಬಹಳ ಕಾಲ ಹೇಳುತ್ತಿದ್ದರು, ಮರದಲ್ಲಿ ಸೀಸದ ಗುಂಡುಗಳೂ ಸಿಕ್ಕವು. ಆದರೆ ಆ ಗುಂಡುಗಳು 18ನೇ ಶತಮಾನದವು. ಒಳಗೆ ಸೇರಿದ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಚರ್ಚಿನವರೇ ದುಡ್ಡು ಕೊಟ್ಟ ಲೆಕ್ಕವಿದೆ. ಉತ್ತರದ ಬಾಗಿಲ ಮೇಲಿನ ಸುಟ್ಟ ಗುರುತುಗಳಿಗೂ ಒಂದು ಕಥೆ ಇದೆ. 1577ರ ಆಗಸ್ಟಿನ ಬಿರುಗಾಳಿಯಲ್ಲಿ ಗೋಪುರದ ಶಿಖರ ಬಿತ್ತು, ಆಗ ಕಪ್ಪು ನಾಯಿಯ ರೂಪದಲ್ಲಿ ಬಂದ ಸೈತಾನ ಬಾಗಿಲನ್ನು ಪರಚಿದ ಅಂತ. ಬಿರುಗಾಳಿ ನಿಜ, ಶಿಖರ ಬಿದ್ದದ್ದೂ ನಿಜ. ಕಥೆಯನ್ನು ಕಥೆಯಾಗಿ ಬರೆದುಕೊಳ್ಳಿ, ಪುರಾವೆಯನ್ನು ಬೇರೆ ಬರೆದುಕೊಳ್ಳಿ.

ಬೆಂಚುಗಳ ತುದಿಯ ಕೆತ್ತನೆಯನ್ನೂ ಬಿಡಬೇಡಿ. ಬ್ಲೈತ್‌ಬರೊದಲ್ಲಿ ಪಾಪಗಳನ್ನೇ ಮನುಷ್ಯರ ರೂಪದಲ್ಲಿ ಕೆತ್ತಿದ್ದಾರೆ: ಸೋಮಾರಿತನ ಹಾಸಿಗೆಯಲ್ಲೇ ಕೂತಿದೆ, ಹೊಟ್ಟೆಬಾಕತನಕ್ಕೆ ದೊಡ್ಡ ಹೊಟ್ಟೆ.

8. ವಿಕ್ಟೋರಿಯಾ ಕಾಲದ ಕೈ ಗುರುತಿಸಿ

ಎಲ್ಲವೂ ಒಂದೇ ಸಮ, ನುಣುಪು, ನೆಲದಲ್ಲಿ ಹೊಳೆಯುವ ಟೈಲ್ಸ್ ಇದ್ದರೆ 19ನೇ ಶತಮಾನದ ಜೀರ್ಣೋದ್ಧಾರ ನಡೆದಿದೆ ಅಂತಲೇ ಅರ್ಥ. ಕೆಲವು ಚರ್ಚುಗಳು ಅದರಿಂದಲೇ ಉಳಿದವು. ಕೆಲವು ಕಡೆ ಹಳೆಯ ಗಾರೆಯನ್ನೆಲ್ಲ ಕೆರೆದು, ಅದರ ಜೊತೆಗೆ ಚಿತ್ರಗಳನ್ನೂ ಕಳೆದರು. ಇದನ್ನು ಕಂಡು ಸಿಟ್ಟಾದ ವಿಲಿಯಂ ಮೋರಿಸ್ 1877ರಲ್ಲಿ ಹಳೆ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನೇ ಕಟ್ಟಿದ. ಹಳೆಯದನ್ನು ಹೊಸದು ಮಾಡಬೇಡಿ, ದಿನನಿತ್ಯ ನೋಡಿಕೊಂಡು ಉಳಿಸಿ ಅನ್ನುವುದು ಅವರ ವಾದ. ನಮ್ಮ ಊರಿನ ಹಳೇ ಗುಡಿಗಳಿಗೆ ಆಯಿಲ್ ಪೇಂಟ್ ಬಳಿಯುವುದನ್ನು ಕಂಡವರಿಗೆ ಈ ವಾದದ ಬೆಲೆ ಗೊತ್ತು.

9. ಗೋಡೆಯ ಹೆಸರುಗಳನ್ನು ಓದಿ

ಅಮೃತಶಿಲೆಯ ಫಲಕಗಳು, 1914–18ರ ಯುದ್ಧದಲ್ಲಿ ಸತ್ತ ಊರಿನ ಹುಡುಗರ ಪಟ್ಟಿ, ಒಂದೇ ಮನೆತನದ ನಾಲ್ಕು ತಲೆಮಾರು. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದವರ ಫಲಕಗಳೂ ಸಿಗುತ್ತವೆ. ಸೆರಿಂಗಪಟಮ್ ಅಂತ ಕಂಡರೆ ಅದು ನಮ್ಮ ಶ್ರೀರಂಗಪಟ್ಟಣ. 1792 ಅಥವಾ 1799ರ ಮುತ್ತಿಗೆಯ ಮಾತು ಇರಬಹುದು. ಇದೇ ಬಗೆಯ ಫಲಕಗಳನ್ನು ಬೆಂಗಳೂರಿನ ಎಂ.ಜಿ. ರಸ್ತೆಯ ತುದಿಯಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನ ಗೋಡೆಗಳಲ್ಲೂ ನೋಡಬಹುದು. ಅದೂ ಆಂಗ್ಲಿಕನ್ ಚರ್ಚಾಗಿಯೇ 1851ರಲ್ಲಿ ಶುರುವಾದದ್ದು. 1947ರ ಸೆಪ್ಟೆಂಬರಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದ ಮೇಲೆ ಅದರ ಭಾಗವಾಯಿತು.

10. ಮನೆಗೆ ಬಂದ ಮೇಲೆ

ಅವತ್ತೇ ರಾತ್ರಿ ಒಂದು ಹಾಳೆಯಲ್ಲಿ ಚರ್ಚಿನ ನಕ್ಷೆ ಗೀಚಿ, ಸುಮ್ನೆ ಆಯತಗಳಾದರೂ ಸಾಕು. ಒಂದೊಂದು ಭಾಗಕ್ಕೂ ನೀವು ಊಹಿಸಿದ ಶತಮಾನ ಬರೆಯಿರಿ. ಆಮೇಲಷ್ಟೇ, ಹಳೆ ಕಟ್ಟಡಗಳ ರಕ್ಷಣೆಯ ಸರ್ಕಾರಿ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡಿನ ರಾಷ್ಟ್ರೀಯ ಪಟ್ಟಿಯನ್ನು ಅಂತರ್ಜಾಲದಲ್ಲಿ ತೆರೆಯಿರಿ. ಅದು ಉಚಿತ, ಹೆಚ್ಚಿನ ಹಳೆ ಚರ್ಚುಗಳ ಬೇರೆ ಬೇರೆ ಭಾಗಗಳ ಕಾಲ ಅದರಲ್ಲಿ ಬರೆದಿರುತ್ತದೆ. ಮೊದಲೇ ಓದಿಕೊಂಡು ಹೋದರೆ ಕಣ್ಣು ಹುಡುಕುವುದನ್ನೇ ಬಿಡುತ್ತದೆ, ಅದಕ್ಕೇ ಈ ಕ್ರಮ.

ಊರಿನ ಜನರ ಬಗ್ಗೆ ಕುತೂಹಲ ಹುಟ್ಟಿದರೆ ರಿಜಿಸ್ಟರುಗಳಿವೆ. ದೀಕ್ಷಾಸ್ನಾನ, ಮದುವೆ, ಸಮಾಧಿ ಎಲ್ಲವನ್ನೂ ಬರೆದಿಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ. ಹಳೆಯ ರಿಜಿಸ್ಟರುಗಳು ಈಗ ಹೆಚ್ಚಾಗಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆ ಕಚೇರಿಯಲ್ಲಿರುತ್ತವೆ. ಮೊದಲೇ ತಿಳಿಸಿ ಹೋದರೆ ಅವುಗಳ ಪ್ರತಿಯನ್ನು ನೋಡಲು ಕೊಡುತ್ತಾರೆ.

ಚರ್ಚಿನಿಂದ ಹೊರಡುವಾಗ ಬಾಗಿಲ ಪಕ್ಕದ ಕಾಣಿಕೆ ಪೆಟ್ಟಿಗೆಗೆ ಒಂದಿಷ್ಟು ಹಾಕಿ. ಚಾವಣಿಯ ಸೀಸದ ತಗಡನ್ನೇ ಕಳ್ಳರು ಕಿತ್ತೊಯ್ಯುವ ಊರುಗಳಿವೆ. ಎಷ್ಟೋ ಹಳ್ಳಿಗಳಲ್ಲಿ ಭಾನುವಾರ ಬರುವವರು ಬೆರಳೆಣಿಕೆಯಷ್ಟು ಜನ. ಮಳೆನೀರು ಸೋರದಂತೆ ನೋಡಿಕೊಳ್ಳುವುದು ಅವರ ಮೇಲೇ ಬಿದ್ದಿದೆ.